ಗದಗ ದಾಟಿದ ಮೇಲಿನ ಸ್ಟಾಪುಗಳು

ಗದಗ ದಾಟಿದ ಮೇಲೆ ಆ ಬಸ್ಸಿಗೆ ರಸ್ತೆ ಬೇಕಾಗುತ್ತಿರಲಿಲ್ಲ.

ಹುಬ್ಬಳ್ಳಿಯಿಂದ ಅಲ್ಲೀತನಕ ಎಲ್ಲ ಬಸ್ಸುಗಳ ಹಾಗೇ ಹೋಗುತ್ತಿತ್ತು. ಭಂಡಿವಾಡದಲ್ಲಿ ಕೋಳಿಬುಟ್ಟಿಯವರು ಹತ್ತುತ್ತಿದ್ದರು, ಅಣ್ಣಿಗೇರಿಯಲ್ಲಿ ಮೆಣಸಿನಕಾಯಿ ಚೀಲಗಳು, ಹುಲಕೋಟಿಯಲ್ಲಿ ಕಾಲೇಜು ಹುಡುಗರು. ಗದಗಿನಲ್ಲಿ ಇಳಿಯುವವರೆಲ್ಲ ಇಳಿದು, ಡ್ರೈವರು ಒಂದು ಚಹಾ ಕುಡಿದು ಬಂದನೆಂದರೆ ಅದು ಬೇರೆಯೇ ಬಸ್ಸು. ಮುಂದಿನ ಸ್ಟಾಪು ಬೆಳದಿಂಗಳ ಕ್ರಾಸ್. ಅದಾದ ಮೇಲೆ ಮಾತಾಡೋ ಆಲದ ಮರ, ಉಪ್ಪಿನ ಅರಮನೆ, ಏಳು ಮಂದಿ ಅಕ್ಕತಂಗಿಯರ ಬಾವಿ. ಪ್ರತಿ ಸ್ಟಾಪಿನಲ್ಲೂ ಬಸ್ಸು ನಿಂತೇಬಿಡುತ್ತಿತ್ತು. ಕೇಳುತ್ತಿದ್ದ ಹುಡುಗಿ ಕಬ್ಬಿಣದ ಮಂಚದ ಸರಳಿಗೆ ಬಳೆಯಿಂದ ಎರಡು ಸಲ ಬಡಿಯಬೇಕು. ಟಣ್ ಟಣ್. ಒಂದು ಸಲ ಬಡಿದರೆ ನಿಲ್ಲು ಅಂತ, ಎರಡು ಸಲ ಬಡಿದರೆ ಹೊರಡು ಅಂತ. ಬಡಿಯದೆ ಮಲಗಿದರೆ ಕಥೆ ಅಲ್ಲೇ ನಿಂತು, ಪ್ರಯಾಣಿಕರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ ಹುಡುಗಿಯನ್ನು ಬೈಯುತ್ತಿದ್ದರು.

ಕಥೆ ಹೇಳುತ್ತಿದ್ದವಳು ಆಯಿ. ತನ್ಮಯಿಯ ಅವ್ವನ ಅವ್ವ, ಕಸ್ತೂರಿ ಬಾರಕೇರ. ಖಾಕಿ ಕೋಟು ತೊಟ್ಟು ಅದೇ ಮಾರ್ಗದಲ್ಲಿ ನಿವೃತ್ತಿಯ ತನಕ ಟಿಕೆಟ್ ಕೊಟ್ಟವಳು. ತನ್ಮಯಿಗೆ ಐದು ವರ್ಷವಾಗಿದ್ದಾಗ ಅವಳ ಅವ್ವ ರೇಣು ಜ್ವರ ಬಂದು ಆಸ್ಪತ್ರೆಗೆ ಹೋದಳು, ತಿರುಗಿ ಬರಲಿಲ್ಲ. ಅಪ್ಪ ಸೊಲ್ಲಾಪುರದಲ್ಲಿ ಬೇರೊಂದು ಸಂಸಾರ ಹೂಡಿದ. ಅವ್ವ ಎಲ್ಲಿ ಅಂತ ಹುಡುಗಿ ಕೇಳಿದ ದಿನ ಆಯಿಯ ಬಾಯಿಂದ ಸತ್ತಳು ಅನ್ನುವ ಮಾತು ಹೊರಡಲಿಲ್ಲ. ಹೊರಟದ್ದು ಬಸ್ಸು.

"ನಿಮ್ಮವ್ವ ನನ್ನ ಬಸ್ಸು ಹತ್ಯಾಳ. ಗದಗ ದಾಟಿ ಹೋಗ್ಯಾಳ. ಕಡೇ ಟ್ರಿಪ್ಪಿಗೆ ತಿರುಗಿ ಬರ್ತಾಳ. ಬಂದು ನಿನ್ನ ಕರ್ಕೊಂಡು ಹೋಗ್ತಾಳ. ಅಲ್ಲೀತನಕ ನಿನ್ನ ಕೂಡ ನಾ ಇದ್ದೇನಲ್ಲ."

ಆ ಕಡೇ ಟ್ರಿಪ್ಪು ಎಂದೂ ಬರಲಿಲ್ಲ. ಬರುವುದರೊಳಗೆ ಹುಡುಗಿಗೆ ನಿದ್ದೆ ಬಂದಿರುತ್ತಿತ್ತು, ಇಲ್ಲದಿದ್ದರೆ ಆಯಿಗೇ. ಎರಡನೆಯ ಇಯತ್ತೆಗೆ ಹೋಗುವ ಹೊತ್ತಿಗೆ ತನ್ಮಯಿಗೆ ಗೊತ್ತಾಗಿತ್ತು, ಇದು ಕಥೆ ಅಂತ. ಗೊತ್ತಾಗಿದೆ ಅಂತ ಹೇಳಲಿಲ್ಲ ಅಷ್ಟೆ. ಬಳೆ ಬಡಿಯುತ್ತಲೇ ಇದ್ದಳು.

ಈಗ ತನ್ಮಯಿ ಹಳೇ ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಚಿತ್ರಕಲೆಯ ಟೀಚರು. ಆಯಿಗೆ ಆಲ್ಝೈಮರ್ಸ್. ಆಯಿ ಮೊದಲು ಮರೆತದ್ದು ಹುಲಕೋಟಿಯನ್ನು. ಸಂತೆಗೆ ಹೊರಟವಳು ನಡುದಾರಿಯಲ್ಲಿ ನಿಂತು, "ಅಣ್ಣಿಗೇರಿ ಆದ ಮ್ಯಾಲ ಯಾವೂರು ಬರತೈತವಾ?" ಅಂತ ದಾರಿಹೋಕರನ್ನು ಕೇಳಿದಳು. ಆಮೇಲೆ ಅಣ್ಣಿಗೇರಿ ಹೋಯಿತು. ಊರುಗಳು ಗದಗಿನ ಕಡೆಯಿಂದ ಒಂದೊಂದಾಗಿ ಅಳಿಸುತ್ತ ಬಂದು, ಕೊನೆಗೆ ಮನೆಯ ಹೊಸ್ತಿಲೂ ಅಳಿಸಿತು. ಒಂದು ಬೆಳಿಗ್ಗೆ ತನ್ಮಯಿ ತಲೆ ಬಾಚುತ್ತಿದ್ದಾಗ ಆಯಿ ಕನ್ನಡಿಯಲ್ಲಿ ಅವಳನ್ನು ನೋಡಿ ವಿನಯದಿಂದ ಕೇಳಿದಳು: "ನೀವು ಯಾರ ಪೈಕಿ?"

ಕಥೆಗಳು ನಿಂತು ನಾಲ್ಕು ವರ್ಷವಾಗಿತ್ತು.

*

ಉಣಕಲ್ ಕೆರೆಯ ಆಚೆಗಿನ ಆಸ್ಪತ್ರೆಯೊಂದರ ಮೂರನೇ ಮಾಳಿಗೆಯಲ್ಲಿ ಒಂದು ಗಾಜಿನ ಕೋಣೆ. ಗಾಜಿನ ಈಚೆ ಪರದೆಗಳು, ಆಚೆ ಒಂದು ಮಂಚ. ಡಾಕ್ಟರ್ ಜೀನತ್ ಕಿತ್ತೂರ ತನ್ಮಯಿಯನ್ನು ಈಚೆ ಕೂಡಿಸಿಕೊಂಡು ಆಯಿಗೆ ಕೊಡುವ ಹೊಸ ಮದ್ದನ್ನು ತಿಳಿಸಿ ಹೇಳಿದರು. ಐವತ್ತರ ಹತ್ತಿರದ ಹೆಂಗಸು. ಮಾತಾಡುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುವ ಚಟ.

"ಹಿಂದಿನ ಮದ್ದು ಎಲ್ಲಾ ಕಸ ಗುಡಿಸೋ ಮದ್ದು. ಮೆದುಳಿನ ಕೋಶಗಳ ನಡುವ ಅಮಿಲಾಯ್ಡ್ ಅನ್ನೋ ಜಿಗುಟು ಕಟ್ಕೋತೈತಿ. ಒಳಗ ಟಾವ್ ಅನ್ನೋ ಎಳಿ ಗಂಟಾಗ್ತೈತಿ. ಅವನ್ನ ಹುಡುಕಿ ಹಿಡಿಯೋ ಪ್ರತಿಕಾಯಗಳನ್ನ ರಕ್ತಕ್ಕ ಬಿಡ್ತಿದ್ವಿ. ರೋಗ ನಿಧಾನ ಆಗ್ತಿತ್ತು. ಆದ್ರ ಮನಿ ಸ್ವಚ್ಛ ಆತು ಅಂತ ಮನಿ ಬಿಟ್ಟು ಹೋದವರು ಬರ್ತಾರೇನು?"

"ಬರೂದಿಲ್ಲ," ಅಂದಳು ತನ್ಮಯಿ.

"ಈ ಹೊಸಾದು ಬೆಸುಗೆ ಮದ್ದು. ಉಳಿದ ಕೋಶಗಳು ಒಂದಕ್ಕೊಂದು ಕೈ ಚಾಚಿ ಮತ್ತ ಹಿಡ್ಕೊಳ್ಳೋ ಹಂಗ ಮಾಡ್ತೈತಿ. ಹೊಸಾ ಬೆಸುಗಿ ಒಂದು ತಾಸು ಹಸಿ ಇರ್ತೈತಿ. ಹಸೀ ಸಿಮೆಂಟ್ ಮ್ಯಾಲ ನಾಯಿ ನಡೆದು ಹೋದ್ರ ಹೆಜ್ಜಿ ಕೂಡ್ತೈತಲ್ಲ? ಹಂಗ. ಆ ತಾಸಿನ್ಯಾಗ ಅಕಿ ಏನು ನೆನಸ್ತಾಳ, ಅದು ಕೂಡ್ತೈತಿ. ಆ ದಾರಿಗೆ ತಗಲಿಕೊಂಡಿದ್ದು ಎಲ್ಲಾ ಅದರ ಹಿಂದ ಬರ್ತೈತಿ."

ಅದಕ್ಕೆ ಅವರು ಇಟ್ಟ ಹೆಸರು ಹಸಿ ವೇಳೆ. ಆ ಹೊತ್ತಿನಲ್ಲಿ ರೋಗಿಯ ಹತ್ತಿರ ಮನೆಯವರೊಬ್ಬರು ಕೂತಿರಬೇಕು. ನಿಜವಾದದ್ದನ್ನೇ ನೆನಪಿಸಬೇಕು. ತಪ್ಪು ಹೇಳಿದರೆ ಅಲ್ಲೇ ತಿದ್ದಬೇಕು.

"ಇನ್ನೊಂದು ಮಾತು." ಪೆನ್ನಿನ ಮುಚ್ಚಳ ಟಕ್ ಅಂತ ಕೂತಿತು. "ಸಾವು ಏನಾದ್ರೂ ಇದ್ರ ಮೊದಲ ಹೇಳಿಬಿಡ್ರಿ. ಎಲ್ಲಾಕಿಂತ ಮೊದಲು. ಹೋದವರು ಅದಾರ ಅಂತ ಕೂತುಬಿಟ್ರ ಆಮ್ಯಾಲ ಕೀಳಾಕ ಆಗೂದಿಲ್ಲ."

ಪರದೆಯ ಮುಂದೆ ಕೂತಿದ್ದ ತಂತ್ರಜ್ಞ ಪ್ರಾಣೇಶ ತಿರುಗಿ ನಕ್ಕ. "ಹೆದರಬ್ಯಾಡ್ರಿ ಮೇಡಂ. ಮೈಕ್ ಬಂದ್ ಮಾಡಿರ್ತೀನಿ. ಮನಿ ಮಾತು ನಾವು ಕೇಳಂಗಿಲ್ಲ, ರೂಲ್ ಐತಿ. ನನಗ ಬರೇ ಈ ಗೆರಿ ಕಾಣ್ತೈತಿ. ಗೆರಿ ಮ್ಯಾಲೇರಿದ್ರ ನೆನಪು ಕೂಡಾಕತ್ತೈತಿ ಅಂತ. ಏರಿದ್ರ ನಿಮಗ ಹೆಬ್ಬೆಟ್ಟು ತೋರಸ್ತೀನಿ."

*

ಕಸ ಗುಡಿಸುವ ಕೆಲಸ ತಿಂಗಳುಗಟ್ಟಲೆ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಬೆಸುಗೆ ಮದ್ದು ಆಯಿಯ ಕೈನರದಲ್ಲಿ ಇಳಿಯಿತು. ತಲೆಯ ಮೇಲೆ ತಂತಿಗಳ ಟೋಪಿ. ಕಳ್ಳಿಗಿಡದ ಹೂವಿನ ಹಾಗೆ ಕಾಣುತ್ತಿದ್ದಳು ಆಯಿ. ಹಾಗಂತ ಅನ್ನಿಸಿದ್ದಕ್ಕೆ ತನ್ಮಯಿಗೆ ನಗು ಬಂತು, ಆದರೆ ನಗಲಿಲ್ಲ. ಯಾಕಂದರೆ ಈಗ ಹೇಳಬೇಕಿತ್ತು.

ರಾತ್ರಿಯೆಲ್ಲ ಕನ್ನಡಿಯ ಮುಂದೆ ಹೇಳಿ ನೋಡಿಕೊಂಡಿದ್ದ ಮಾತು. ಆಯಿ, ನಿನ್ನ ಮಗಳು ರೇಣು ತೀರಿಕೊಂಡಾಳ.

"ಆಯಿ," ಅಂದಳು.

ಆಯಿ ಮೆಲ್ಲಗೆ ಕಣ್ಣು ತಿರುಗಿಸಿದಳು. ನಾಲ್ಕು ವರ್ಷದಿಂದ ಆ ಕಣ್ಣು ತನ್ಮಯಿಯ ಮೇಲೆ ಬಿದ್ದು, ನಿಲ್ಲದೆ, ಗೋಡೆಗೋ ಕಿಟಕಿಗೋ ಹೋಗಿಬಿಡುತ್ತಿತ್ತು. ಇವತ್ತು ನಿಂತಿತು. ತುಟಿ ಅಲುಗಾಡಿತು.

"ಗದಗ ಬಂತು. ಇಳಿಯೋರು ಇಳೀರಿ."

ತನ್ಮಯಿ ಮಂಚದ ಹತ್ತಿರ ಬಾಗಿದಳು.

"ಎಲ್ಲಾರೂ ಇಳದ್ರು," ಅಂದಳು ಆಯಿ. ದನಿ ಒಣಗಿತ್ತು, ಆದರೆ ಅದೇ ದನಿ, ಮಂಚದ ತಲೆದೆಸೆಯಿಂದ ಬರುತ್ತಿದ್ದದ್ದು. "ಒಬ್ಬಾಕೆ ಕುಂತಾಳ ಹಿಂದಿನ ಸೀಟಿನ್ಯಾಗ. ಯಾರಾಕಿ? ನಮ್ಮ ರೇಣು. ಎಲ್ಲಿಗವಾ ಅಂದ್ರ, ಬೆಳದಿಂಗಳ ಕ್ರಾಸಿಗೆ ಒಂದು ಕೊಡಬೇ ಅಂತಾಳ." ಅಷ್ಟು ಹೇಳಿ ಆಯಿ ನಿಂತಳು. ತನ್ಮಯಿಯ ಮುಖವನ್ನು ಹಣೆಯಿಂದ ಗಲ್ಲದತನಕ ನೋಡಿದಳು. ಹುಬ್ಬು ಗಂಟಿಕ್ಕಿತು, ಬಿಡಿಸಿಕೊಂಡಿತು. "ಗಂಟಿ ಹೊಡಿಯಲೇ ತನೂ. ಮಂದಿ ಬೈತಾರ."

ತನೂ. ಆ ಹೆಸರು ಕೇಳಿ ನಾಲ್ಕು ವರ್ಷ.

ತಿದ್ದಬೇಕು ಅನ್ನುವುದು ತನ್ಮಯಿಗೆ ನೆನಪಿತ್ತು. ಮರೆತಿದ್ದೆ ಅಂತ ಆಮೇಲೆ ಅವಳು ಯಾರಿಗೂ ಹೇಳಲಿಲ್ಲ. ಆದರೆ ಕಥೆಯ ಬಾಗಿಲೊಂದರಿಂದಲೇ ಆಯಿ ಹೊರಗೆ ಬಂದು ನಿಂತಿದ್ದಾಳೆ. ಆ ಬಾಗಿಲು ಮುಚ್ಚಿದರೆ ಮತ್ತೆ ಒಳಗೆ ಹೋಗಿಬಿಟ್ಟಾಳು ಅನ್ನುವ ಭಯವಾಯಿತು. ಒಂದು ಸ್ಟಾಪು, ಒಂದೇ ಒಂದು, ಆಮೇಲೆ ಹೇಳುತ್ತೇನೆ ಅಂದುಕೊಂಡು ಕೈ ಎತ್ತಿದಳು. ಆಸ್ಪತ್ರೆಯ ಮಂಚದ ಸರಳಿಗೆ ಬಳೆ ತಾಗಿತು. ಟಣ್ ಟಣ್.

ಬಸ್ಸು ಹೊರಟಿತು.

ಆಲದ ಮರ ಬಂತು, ಉಪ್ಪಿನ ಅರಮನೆ ಬಂತು. ಪ್ರತಿ ಸ್ಟಾಪಿನಲ್ಲೂ ಈಗ ಹೇಳುತ್ತೇನೆ ಅಂತ ಅಂದುಕೊಂಡಳು. ಪ್ರತಿ ಸ್ಟಾಪಿನಲ್ಲೂ ಬಳೆ ಬಡಿದಳು. ಕಡೇ ಟ್ರಿಪ್ಪಿಗೆ ಬರ್ತಾಳ ಅಂತ ಆಯಿ ಹೇಳುವಷ್ಟರಲ್ಲಿ ತಾಸು ಮುಗಿದಿತ್ತು. ಗಾಜಿನ ಆಚೆ ಪ್ರಾಣೇಶ ಎರಡೂ ಹೆಬ್ಬೆಟ್ಟು ಎತ್ತಿ ಕುಣಿಯುತ್ತಿದ್ದ. ಆ ಗೆರೆ ಅಷ್ಟು ಎತ್ತರಕ್ಕೆ ಹೋದದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ.

*

ಆಯಿ ತಿರುಗಿ ಬಂದಳು. ದಿನಕ್ಕೊಂದಿಷ್ಟು ಬಂದಳು. ಹುಲಕೋಟಿ ಬಂತು, ಗ್ಯಾಸಿನ ಒಲೆ ಹಚ್ಚುವುದು ಬಂತು, ರೊಟ್ಟಿ ಬಡಿಯುವ ಲಯ ಬಂತು. ಪಕ್ಕದ ಮನೆಯ ಸುಲೋಚನಾ ವೈನಿ ಹಿಂದೊಮ್ಮೆ ಕಡ ಒಯ್ದು ಕೊಡದೇ ಇದ್ದ ಹಿತ್ತಾಳೆ ಕೊಳಗ ಕೂಡ ನೆನಪಾಯಿತು.

"ಇವರ ಮದ್ದಿಗೆ ಬೆಂಕಿ ಹತ್ತಲಿ," ಅಂದರು ಸುಲೋಚನಾ ವೈನಿ ಕೊಳಗ ತಂದು ಇಡುತ್ತ. "ಆರಾಮ ಮರೆತು ಕುಂತಿದ್ಲು ಮುದುಕಿ."

"ಮರೆತಿದ್ದಕ್ಕ ನಿನ್ನ ಕೂಡ ಮಾತಾಡ್ತಿದ್ದೆ," ಅಂದಳು ಆಯಿ.

ತನ್ಮಯಿ ಒಳಗೆ ಕೂತು ನಕ್ಕಳು, ಅತ್ತಳು. ಕಥೆ ಹೇಳಿದ್ದರಿಂದ ಏನೂ ಆಗಿಲ್ಲ ಅಂದುಕೊಂಡಳು. ನೆನಪಿಗೆ ದಾರಿ ತೋರಿಸಿದ್ದೇ ಬಸ್ಸು ಅಂದುಕೊಂಡಳು.

ಅದೇ ವಾರ ಒಂದು ಇಳಿಹೊತ್ತು ಆಯಿ ಮುಖ ತೊಳೆದು, ಇಳಕಲ್ ಸೀರೆಯುಟ್ಟು, ಚಪ್ಪಲಿ ಮೆಟ್ಟಿದಳು. ತಂಬಿಗೆಯಲ್ಲಿ ನೀರು, ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ.

"ಎಲ್ಲಿಗೆ ಆಯಿ?"

"ಸ್ಟ್ಯಾಂಡಿಗೆ. ರೇಣು ಬರೂ ಹೊತ್ತಾತಲ್ಲ. ಹಸದಿರ್ತಾಳ."

ಅವಳ ಮುಖದಲ್ಲಿ ಮಬ್ಬು ಇರಲಿಲ್ಲ. ಅದೇ ಭಯ ಹುಟ್ಟಿಸಿದ್ದು. ಹಾಲಿನವನ ಲೆಕ್ಕ ತಿದ್ದುವಾಗ ಇರುವ ಮುಖವೇ ಅದು. ತನ್ಮಯಿ ಅವಳನ್ನು ಕೂಡಿಸಿ, ಕೈ ಹಿಡಿದು, ಕನ್ನಡಿಯ ಮುಂದೆ ಕಲಿತಿದ್ದ ಮಾತನ್ನು ಹೇಳಿದಳು.

ಆಯಿ ಮೆಟ್ಟಿದ್ದ ಚಪ್ಪಲಿ ಕಳಚಿದಳು. "ಯಾವಾಗ?"

"ನಾ ಸಣ್ಣಾಕಿ ಇದ್ದಾಗ."

"ನಾ ಎಲ್ಲಿದ್ದೆ?"

"ನೀನ ಮಣ್ಣು ಕೊಟ್ಟು ಬಂದಿ ಆಯಿ."

ಆಯಿ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು, ಮಣ್ಣು ಇನ್ನೂ ಇದೆಯೇನೋ ಅನ್ನುವ ಹಾಗೆ. ಆಮೇಲೆ ಅವಳ ಬಾಯಿಂದ ಒಂದು ಸದ್ದು ಬಂತು. ಸುಲೋಚನಾ ವೈನಿ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಮಗಳು ಸತ್ತ ಸುದ್ದಿ ಈಗಷ್ಟೇ ಕೇಳಿದ ತಾಯಿ ಹೇಗೆ ಅಳುತ್ತಾಳೋ ಹಾಗೆ ಅತ್ತಳು. ಅನ್ನ ಮುಟ್ಟಲಿಲ್ಲ.

ಮರುದಿನ ಇಳಿಹೊತ್ತು ಮುಖ ತೊಳೆದು, ಸೀರೆಯುಟ್ಟು, ಚಪ್ಪಲಿ ಮೆಟ್ಟಿದಳು. "ರೇಣು ಬರೂ ಹೊತ್ತಾತಲ್ಲ."

ತನ್ಮಯಿ ಮತ್ತೆ ಹೇಳಿದಳು. ಆಯಿ ಮತ್ತೆ ಹೊಸದಾಗಿ ಮಗಳನ್ನು ಕಳೆದುಕೊಂಡಳು. ಮೂರನೆಯ ಸಲ ಹೇಳಲು ಬಾಯಿ ತೆರೆದಾಗ ಸುಲೋಚನಾ ವೈನಿ ಅವಳ ಬಾಯಿಯ ಮೇಲೆ ಕೈ ಇಟ್ಟರು. "ಸಾಕು ಮಾಡು ಹುಡುಗಿ. ದಿನಾ ಒಂದು ಹೆಣ ಹೊರಸ್ತೀ ಏನು ಅಕೀ ಕಡಿಂದ?"

ಅಂದಿನಿಂದ ತನ್ಮಯಿಯೂ ಜೊತೆಗೆ ಹೋಗತೊಡಗಿದಳು. ಹಳೇ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂರುತ್ತಿದ್ದರು. ಗದಗಿನಿಂದ ಬಂದ ಪ್ರತಿ ಬಸ್ಸಿನ ಬಾಗಿಲನ್ನೂ ಆಯಿ ನೋಡುತ್ತಿದ್ದಳು. ಇಳಿಯುವವರೆಲ್ಲ ಇಳಿದ ಮೇಲೆ, ಕಂಡಕ್ಟರು ಚೀಲ ಹೆಗಲಿಗೇರಿಸಿ ಕೆಳಗಿಳಿದ ಮೇಲೆ, ಹತ್ತಿ ಒಳಗೆ ಇಣುಕಿ ಬರುತ್ತಿದ್ದಳು.

"ಹಿಂದಿನ ಸೀಟಿನ್ಯಾಗ ನಿದ್ದಿ ಹೋಗಿದ್ರ? ಎಬ್ಬಸವರು ಯಾರು?"

"ಹೌದು ಆಯಿ."

"ನಾಳಿ ಬರ್ತಾಳ ತಗೋ." ರೊಟ್ಟಿಯನ್ನು ಬಿಚ್ಚಿ ತನ್ಮಯಿಗೆ ಒಂದು ಕೊಟ್ಟು ತಾನೊಂದು ಮುರಿಯುತ್ತಿದ್ದಳು. "ನಿನಗ ಬ್ಯಾಸರ ಆಗೇತಿ ಕಾದು ಕಾದು. ಬಂದ್ಲಂದ್ರ ನಿನ್ನ ಒಂದು ಗಳಿಗಿ ಬಿಡಂಗಿಲ್ಲ ಅಕಿ."

ಇಪ್ಪತ್ನಾಲ್ಕು ವರ್ಷದ ತನ್ಮಯಿ ರೊಟ್ಟಿ ಅಗಿಯುತ್ತ ಗದಗ ರಸ್ತೆಯ ಕಡೆ ನೋಡುತ್ತಿದ್ದಳು. ಕೆಲವು ಸಂಜೆ ತಾನೂ ಕಾಯುತ್ತಿದ್ದೇನೆ ಅಂತ ಅವಳಿಗೆ ಅನ್ನಿಸುತ್ತಿತ್ತು. ಕಾಯುವುದು ಎಷ್ಟು ಸುಲಭ ಅಂತಲೂ.

*

"ಕಥಿ," ಅಂದರು ಡಾಕ್ಟರ್ ಜೀನತ್, ತನ್ಮಯಿ ನಡೆದದ್ದೆಲ್ಲ ಹೇಳಿ ಮುಗಿಸಿದ ಮೇಲೆ. ಬೈಯಲಿಲ್ಲ. ಪೆನ್ನನ್ನು ಮೇಜಿನ ಮೇಲೆ ಇಟ್ಟು ಅದನ್ನೇ ನೋಡಿದರು. "ಆ ಗೆರಿ ಏರಿದ್ದು ಕಥಿಗೆ."

"ನಮಗ ಪಾರ್ಟಿ ಕೊಡಿಸಿದ ಗೆರಿ," ಅಂದ ಪ್ರಾಣೇಶ ಸಣ್ಣ ದನಿಯಲ್ಲಿ.

"ಕೀಳಾಕ ಆಗೂದಿಲ್ಲ ಏನ್ರಿ?" ಅಂದಳು ತನ್ಮಯಿ.

"ಎರಡನೇ ಡೋಸ್ ಐತಿ. ಅದನ್ನ ಕೊಡಲಿಲ್ಲ ಅಂದ್ರ ಈಗ ಕೂಡಿದ ಬೆಸುಗಿ ಎಲ್ಲಾ ಬಿಚ್ಚತಾವು. ಅಕಿ ಮತ್ತ ಹೋಗ್ತಾಳ. ಎಲ್ಲಾಕಿಂತ ಗಟ್ಟಿ ಕೂಡಿದ್ದು ಕಡೀಕ ಹೋಗ್ತೈತಿ. ಅಂದ್ರ ನೀನು ಹೋದ ಮ್ಯಾಲೂ, ತನ್ನ ಹೆಸರು ಹೋದ ಮ್ಯಾಲೂ, ಆ ಕಾಯೂದೊಂದು ಉಳೀತೈತಿ. ಎರಡನೇ ಡೋಸ್ ಕೊಟ್ರ ಇನ್ನೊಂದು ಹಸಿ ವೇಳೆ ಸಿಗ್ತೈತಿ. ಅದ ಕಡೀದು. ಆಮ್ಯಾಲ ಮೆದುಳು ಈ ಮದ್ದು ಹಿಡಿಯೂದಿಲ್ಲ."

"ಆಗ ಸಾವು ಹೇಳಿದ್ರ?"

"ಹೇಳಬಹುದು." ಜೀನತ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಆದ್ರ ಅಕೀ ನೆನಪಿನ್ಯಾಗ ಆ ಬಸ್ಸಿಗೆ ನೀನೂ ಬೆಸೆದುಕೊಂಡಿ. ನಿನ್ನ ಹೆಸರು ಬಂದಿದ್ದ ಅಲ್ಲಿಂದ. ಅದನ್ನ ಹರಿದ್ರ ಏನೇನು ಜೋಡಿ ಕಿತ್ತು ಬರ್ತೈತಿ, ನನಗ ಗೊತ್ತಿಲ್ಲ. ಸುಳ್ಳು ಹೇಳೂದಿಲ್ಲ ನಿನಗ. ಯಾರಿಗೂ ಗೊತ್ತಿಲ್ಲ."

ತನ್ಮಯಿ ಗಾಜಿನ ಆಚೆಗಿನ ಖಾಲಿ ಮಂಚವನ್ನು ನೋಡುತ್ತ ಕೂತಳು. ಅಲ್ಲಿಂದ ಕಣ್ಣು ತೆಗೆಯದೆ ಕೇಳಿದಳು: "ಹರಿಯೂದು ಬ್ಯಾಡ. ಮುಗಿಸಿದ್ರ?"

"ಮುಗಿಸೂದಂದ್ರ?"

"ಆ ಕಥಿ ಎಂದೂ ಮುಗಿದಿಲ್ರಿ. ಮುಗಿದಿಲ್ಲಂತನ ಅಕಿ ಕಾಯಾಕತ್ತಾಳ. ಕಡೇ ಟ್ರಿಪ್ಪು ಬರಲಿ. ಅವ್ವ ಇಳೀಲಿ. ಇಬ್ಬರೂ ಕುಂತು ರೊಟ್ಟಿ ತಿನ್ನಲಿ. ಆಮ್ಯಾಲ ಅವ್ವ ಹೇಳಲಿ, ಇನ್ನ ನಾ ಹೊಂಟೆ, ಇದು ತಿರುಗಿ ಬರೂ ಬಸ್ಸಲ್ಲ ಅಂತ. ಆಯಿ ತನ್ನ ಕೈಯಾರೆ ಟಿಕೆಟ್ ಕೊಟ್ಟು ಕಳಸಲಿ. ಸತ್ತದ್ದು ಗೊತ್ತಾಗದಿದ್ರೂ ಹೋದದ್ದು ಗೊತ್ತಾಗತೈತಿ. ಕಳಿಸಿದ ಮ್ಯಾಲ ಯಾರು ಕಾಯ್ತಾರ?"

ಜೀನತ್ ಪ್ರಾಣೇಶನ ಮುಖ ನೋಡಿದರು. ಅವನು ಹೆಗಲು ಕುಣಿಸಿದ. ವಿಜ್ಞಾನದ ಯಾವ ಪುಟದಲ್ಲೂ ಇದಕ್ಕೆ ಬೇಡ ಅನ್ನುವ ಉತ್ತರವಿರಲಿಲ್ಲ. ಹೂಂ ಅನ್ನುವ ಉತ್ತರವೂ ಇರಲಿಲ್ಲ.

"ಈ ಸಲ ಮೈಕ್ ಇಡೂದು," ಅಂದರು ಜೀನತ್.

*

ಎರಡನೆಯ ಹಸಿ ವೇಳೆಯಲ್ಲಿ ಗಾಜಿನ ಈಚೆ ಇಬ್ಬರೂ ನಿಂತೇ ಇದ್ದರು. ಸ್ಪೀಕರಿನಿಂದ ತನ್ಮಯಿಯ ದನಿ ಬರುತ್ತಿತ್ತು. ಮೊದಮೊದಲು ನಡುಗುತ್ತಿದ್ದ ದನಿ ಉಪ್ಪಿನ ಅರಮನೆ ದಾಟುವ ಹೊತ್ತಿಗೆ ಗಟ್ಟಿಯಾಯಿತು. ಇಂದು ಕಥೆ ಹೇಳುವವಳು ಅವಳು, ಉಂಗುರದ ಬೆರಳಿನಿಂದ ಸರಳು ಬಡಿಯುವವಳು ಆಯಿ. ಗೆರೆ ಏರುತ್ತಿತ್ತು.

"ಕಡೇ ಟ್ರಿಪ್ಪಿನ ಬಸ್ಸು ಬಂತು ಆಯಿ. ಬಾಗಲಾ ತಗೀತು. ಯಾರಿಳದ್ರು ನೋಡು."

"ರೇಣು," ಅಂತು ಸ್ಪೀಕರು. ಆ ಒಂದು ಮಾತಿಗೆ ಪ್ರಾಣೇಶ ಮುಖ ಆಚೆ ತಿರುಗಿಸಿದ.

"ರೇಣು. ಕುಂದ್ರಿಸಿಕೊಂಡಿ. ತಲಿ ಸವರಿದಿ. ರೊಟ್ಟಿ ಕೊಟ್ಟಿ."

"ಸೊರಗ್ಯಾಳ."

"ಸೊರಗ್ಯಾಳ. ಆದ್ರ ಹೊಟ್ಟಿ ತುಂಬ ಉಂಡ್ಲು. ಉಂಡು ಕೈ ತೊಳದು ಅಂದ್ಲು, ಅವ್ವಾ, ಇನ್ನ ನಾ ಹೊಂಟೆ. ಇದು ತಿರುಗಿ ಬರೂ ಬಸ್ಸಲ್ಲ. ನೀ ಕಾಯಬ್ಯಾಡ."

ಗೆರೆ ನಡುಗಿತು, ಇಳಿಯಲಿಲ್ಲ. "ಹೋಗವಾ," ಅಂದಳು ಆಯಿ. "ಹುಷಾರು." ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಆದರೆ ಅದು ಆ ಹಿಂದಿನ ಅಳುವಲ್ಲ. ಸ್ಟ್ಯಾಂಡಿನಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವವರು ಅಳುವ ಅಳು. ಪ್ರಾಣೇಶ ಹೆಬ್ಬೆಟ್ಟು ಎತ್ತಲು ಹೊರಟ.

"ಟಿಕೆಟ್ ಕೊಡು ಆಯಿ. ಕೊಟ್ಟು ಬಾ. ನಾವಿಬ್ಬರೂ ಮನಿಗೆ ಹೋಗೂಣು."

"ಎಷ್ಟು ಕೊಡಲಿ? ಒಂದೂವರಿ?"

"ಒಂದು, ಆಯಿ. ಅವ್ವ ಒಬ್ಬಾಕೆ."

"ಹುಡುಗಿ?"

ಸ್ಪೀಕರಿನಲ್ಲಿ ತನ್ಮಯಿಯ ದನಿ ತಡವರಿಸಿತು. "ಯಾವ ಹುಡುಗಿ?"

"ತನು. ಬಂದು ಕರ್ಕೊಂಡು ಹೋಗ್ತಾಳಂತ ದಿನಾ ಹೇಳೇನಿ ಅದಕ್ಕ. ಮಾತು ಕೊಟ್ಟೇನಿ."

ಜೀನತ್ ಮೈಕಿನ ಗುಂಡಿ ಒತ್ತಿದರು. "ತನ್ಮಯಿ, ಮಾತು ಬದಲಸು. ಬ್ಯಾರೆ ಏನರ ಹೇಳು."

"ಆಯಿ, ತನು ನಿನ್ನ ಹಂತೇಕನ ಇರ್ತಾಳ. ತನು ಇಲ್ಲೇ ಅದಾಳ, ನೋಡಿಲ್ಲೆ. ನಾನ ತನು."

ಆಯಿ ಅವಳನ್ನು ಕರುಣೆಯಿಂದ ನೋಡಿದಳು. "ನೀ ದೊಡ್ಡಾಕಿ ಅದೀಯವಾ. ನಮ್ಮದು ಸಣ್ಣ ಕೂಸು. ಅವ್ವ ಬಂದ ಮ್ಯಾಲ ಕೂಸು ಅಜ್ಜಿ ಹಂತೇಕ ಯಾಕಿರ್ತೈತಿ? ನೋಡಲ್ಲೆ, ಓಡಿ ಹೋಗಿ ಹತ್ತೇಬಿಡ್ತು. ಕಿಡಕಿ ಸೀಟು ಬೇಕು ಅದಕ್ಕ. ಅರ್ಧ ಟಿಕೆಟ್ ಕೊಡತೇನಿ."

"ಬ್ಯಾಡ ಆಯಿ. ಇಳಸು. ಒಂದು ಸಲ ಹೊಡಿ, ನಿಲ್ಲಸು."

ಗೆರೆ ಪರದೆಯ ಮೇಲಂಚಿಗೆ ಹೋಗಿ ಮುಟ್ಟಿತು. "ಮೇಡಂ," ಅಂದ ಪ್ರಾಣೇಶ, "ಏನರ ಮಾಡ್ರಿ." ಜೀನತ್ ಅವರ ಕೈಗಳು ಮೇಜಿನ ಮೇಲೆ ಹರಡಿಕೊಂಡಿದ್ದವು. ಒಳಗೆ ಬಿಟ್ಟ ಮದ್ದನ್ನು ತಿರುಗಿ ಎಳೆದುಕೊಳ್ಳುವ ಸೂಜಿ ಆ ಆಸ್ಪತ್ರೆಯಲ್ಲಿ ಇರಲಿಲ್ಲ, ಇನ್ನೂ ಎಲ್ಲೂ ಇರಲಿಲ್ಲ. ಮಲಗಿಸುವ ಮದ್ದು ಕೊಡಬಹುದಿತ್ತು. ನಿದ್ದೆಯಲ್ಲಿ ಬೆಸುಗೆ ಇನ್ನೂ ಗಟ್ಟಿಯಾಗಿ ಕೂಡುತ್ತದೆ ಅಂತ ಬರೆದವರೇ ಅವರು.

ಗಾಜಿನ ಆಚೆ ತನ್ಮಯಿ ಆಯಿಯ ಉಂಗುರದ ಕೈಯನ್ನು ತನ್ನೆರಡೂ ಕೈಗಳಿಂದ ಹಿಡಿದು ಎದೆಗೆ ಒತ್ತಿಕೊಂಡಿದ್ದಳು. ಬಡಿಯದಿದ್ದರೆ ಬಸ್ಸು ಹೊರಡುವುದಿಲ್ಲ. ಚಿಕ್ಕಂದಿನಿಂದ ಅದೇ ನಿಯಮ. ಬೆಸುಗೆ ಒಣಗುವ ತನಕ ಹಿಡಿದಿದ್ದರೆ ಸಾಕು, ನಿಂತ ಬಸ್ಸಿನಿಂದ ಹುಡುಗಿಯನ್ನು ಹೇಗಾದರೂ ಇಳಿಸಬಹುದು.

ಆಯಿ ಬಿಡಿಸಿಕೊಳ್ಳಲು ನೋಡಲಿಲ್ಲ. ಕಿಟಕಿಯಲ್ಲಿ ಯಾರಿಗೋ ಕೈಬೀಸುವವಳಂತೆ ಇನ್ನೊಂದು ಕೈ ಎತ್ತಿದಳು. ಸೂಜಿ ಚುಚ್ಚಿದ, ಟೇಪು ಅಂಟಿಸಿದ ಕೈ. ಅದರ ಗೆಣ್ಣಿನಿಂದ ಮಂಚದ ಸರಳಿಗೆ ತಟ್ಟಿದಳು. ಕಂಡಕ್ಟರ್ ಅವಳು. ಗಂಟೆ ಅವಳದೇ.

ಟಣ್ ಟಣ್.

*

ಆಯಿ ಈಗ ಸ್ಟ್ಯಾಂಡಿಗೆ ಹೋಗುವುದಿಲ್ಲ. ಆರೋಗ್ಯವಾಗಿದ್ದಾಳೆ. ಬೆಳಿಗ್ಗೆ ಪೇಪರು ಓದುತ್ತಾಳೆ, ಸುಲೋಚನಾ ವೈನಿಯ ಜೊತೆ ಜಗಳವಾಡುತ್ತಾಳೆ, ಬೆಂಡಿ ಪಲ್ಯಕ್ಕೆ ಗುರೆಳ್ಳು ಪುಡಿ ಹಾಕಿದವರಾರು ಅಂತ ಹುಡುಕುತ್ತಾಳೆ. ಪ್ರಾಣೇಶ ಒಮ್ಮೆ ಮನೆಗೇ ಬಂದು ಪರೀಕ್ಷೆಯ ಪ್ರಶ್ನೆಗಳನ್ನು ಕೇಳಿದ. ಎಲ್ಲದಕ್ಕೂ ಸರಿಯುತ್ತರ. ಮನೆಯಲ್ಲಿ ಯಾರ್ಯಾರು ಇದ್ದೀರಿ ಅನ್ನುವುದಕ್ಕೆ ಮಾತ್ರ, "ನಾನೊಬ್ಬಾಕೆ. ಮತ್ತ ಆಸ್ಪತ್ರ್ಯಾಗಿಂದ ಕಳಿಸಿದ ಈ ಹುಡುಗಿ, ಬಾಳ ಚಲೋದು," ಅಂದಳು. ಪ್ರಾಣೇಶ ಚಹಾ ಅರ್ಧಕ್ಕೆ ಬಿಟ್ಟು ಎದ್ದ. ಡಾಕ್ಟರ್ ಜೀನತ್ ವಾರಕ್ಕೊಮ್ಮೆ ಫೋನು ಮಾಡುತ್ತಾರೆ. ಬೇರೇನೂ ಕೇಳುವುದಿಲ್ಲ, ಊಟ ಆಯಿತೇ ಅಂತ ಮಾತ್ರ ಕೇಳುತ್ತಾರೆ.

ತನ್ಮಯಿ ಶಾಲೆಯಿಂದ ಬಂದು ದೀಪ ಹಚ್ಚುವ ಹೊತ್ತಿಗೆ ಆಯಿ ಕಬ್ಬಿಣದ ಮಂಚದ ಮೇಲೆ ಒರಗಿರುತ್ತಾಳೆ. ಒಂದು ಸಂಜೆ ಹಾಗೇ ಒರಗಿದ್ದವಳು ಕೇಳಿದಳು.

"ನಿನ್ನ ಹೆಸರೇನಂದಿ?"

"ತನ್ಮಯಿ."

"ನಮ್ಮ ಹುಡುಗೀ ಹೆಸರೂ ಅದ." ಆಯಿಗೆ ಖುಷಿಯಾಯಿತು. ಮಂಚದಲ್ಲಿ ಸರಿದು ಜಾಗ ಮಾಡಿಕೊಟ್ಟಳು. "ಕುಂದ್ರು. ಕೆಲಸ ಇದ್ದದ್ದ. ನಮ್ಮ ತನೂಂದು ಕಥಿ ಹೇಳತೇನಿ."

ತನ್ಮಯಿ ಕೂತಳು. ಆಯಿಯ ಸೀರೆಯಲ್ಲಿ ಅದೇ ವಾಸನೆ, ಹಳೇ ಚಿಲ್ಲರೆ ನಾಣ್ಯದ್ದು, ಎಲೆ ಅಡಿಕೆಯದ್ದು.

"ಸಣ್ಣಾಕಿ ಇದ್ದಾಗ ಅವ್ವನ್ನ ಕಾದು ಕಾದು ಕಣ್ಣು ಬಿಳಿ ಮಾಡಿಕೊಂಡಿತ್ತವಾ ಕೂಸು. ಕಡೀಕ ಅವ್ವ ಬಂದ್ಲು. ಈಗ ಇಬ್ಬರೂ ಹೊಂಟಾರ. ಗದಗ ದಾಟ್ಯಾರ. ಕೂಸು ಕಿಡಕ್ಯಾಗ ಕುಂತೈತಿ, ಗಾಳಿಗೆ ಕೂದಲಾ ಹಾರಾಕತ್ತಾವು. ಅವ್ವನ ತೊಡಿ ಮ್ಯಾಲ ಒಂದು ಕೈ ಇಟ್ಟೈತಿ, ಮತ್ತ ಎಲ್ಲಿ ಹೋಗ್ತಾಳೋ ಅಂತ. ನನ್ನ ಕಡೆ ತಿರುಗಿ ಕೈ ಮಾಡತೈತಿ." ಆಯಿ ನಕ್ಕಳು. ಆ ನಗುವಿನಲ್ಲಿ ಒಂದು ಚೂರೂ ದುಃಖವಿರಲಿಲ್ಲ. "ಬೆಳದಿಂಗಳ ಕ್ರಾಸ್ ಬಂತು."

ಅಷ್ಟು ಹೇಳಿ ಆಯಿ ನಿಂತಳು.

ಹೊರಗೆ ಹಾಲಿನವನ ಸೈಕಲ್ಲು ಹೋಯಿತು. ಸುಲೋಚನಾ ವೈನಿಯ ಕುಕ್ಕರು ಕೂಗಿತು. ಆಯಿ ಈ ಪರಕೀಯ ಹುಡುಗಿಯ ಮುಖ ನೋಡುತ್ತ ಕಾದಳು. ಪಾಪ, ಇದಕ್ಕೇನು ಗೊತ್ತು ನಮ್ಮ ಮನೆಯ ಪದ್ಧತಿ ಅನ್ನುವ ಹಾಗೆ ಹೇಳಿಕೊಡಲು ಬಾಯಿ ತೆರೆದಳು.

ಅಷ್ಟರಲ್ಲಿ ತನ್ಮಯಿ ಕೈ ಎತ್ತಿ ಸರಳಿಗೆ ಬಳೆಯನ್ನು ಎರಡು ಸಲ ಬಡಿದಳು.